ತಲೆದೆಸೆಯ ಜಾಗ

ನಾಜೇ ದೇವದೂತರ ಜೊತೆ ಮಾತಾಡುತ್ತಿದ್ದುದು ಆಚೆ ಮನೆ ಈಚೆ ಮನೆಯವರ ಜೊತೆ ಮಾತಾಡಿದ ಹಾಗೆಯೇ. ಹಿಟ್ಟು ನಾದುವಾಗ ಮಿಖಾಯೇಲನ ಜೊತೆ, ರೊಟ್ಟಿಯ ಒಲೆ ಉರಿಸುವಾಗ ಗಬ್ರಿಯೇಲನ ಜೊತೆ, ದೀಪ ಹಚ್ಚುವಾಗ ಊರಿಯೇಲನ ಜೊತೆ, ಮನೆಯಲ್ಲಿ ಯಾರಾದರೂ ಕೆಮ್ಮಿದರೆ ರಫಾಯೇಲನ ಜೊತೆ. ಒಡಹುಟ್ಟಿದ ಗಂಡುಮಕ್ಕಳಿಲ್ಲದೆ ಬೆಳೆದವಳು ಅವಳು. ಅದಕ್ಕೇ ಇರಬೇಕು, ನಾಲ್ವರನ್ನೂ ಅಣ್ಣಾ ಎಂದೇ ಕರೆಯುತ್ತಿದ್ದಳು. ಮಿಖಾಯೇಲಣ್ಣ, ಈ ಸಲ ಗೋಧಿಯಲ್ಲಿ ಎಷ್ಟು ಕಲ್ಲು ನೋಡು. ಗಬ್ರಿಯೇಲಣ್ಣ, ಹಸಿ ಸೌದೆ ಕೊಟ್ಟುಹೋಗಿದ್ದಾರೆ, ನೀನೇ ಏನಾದರೂ ಮಾಡು. ಹೀಗೆ.

ಹಾಗಂತ ಅವರ ಮೇಲೆ ಭಯಭಕ್ತಿ ಇರಲಿಲ್ಲವೆಂದಲ್ಲ. ಚಿಕ್ಕವಳಿದ್ದಾಗ ಅವಳ ತಾಯಿ ಹೇಳಿದ್ದಳು: ಮಿಖಾಯೇಲನ ಮೈ ಪೂರ್ತಿ ಹಿಮ, ಗಬ್ರಿಯೇಲನ ಮೈ ಪೂರ್ತಿ ಬೆಂಕಿ, ಇಬ್ಬರೂ ದೇವರ ಸಿಂಹಾಸನದ ಮುಂದೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲುತ್ತಾರೆ. ಬೆಂಕಿಗೆ ಹಿಮ ಕರಗುವುದಿಲ್ಲ, ಹಿಮಕ್ಕೆ ಬೆಂಕಿ ಆರುವುದಿಲ್ಲ. ಮೋಸುಲ್‌ನ ಉತ್ತರಕ್ಕಿರುವ ಅವಳ ಜಾಖೋ ಊರಿನವರಿಗೆ ಹಿಮವೂ ಗೊತ್ತು, ಬೆಂಕಿಯೂ ಗೊತ್ತು. ಚಳಿಗಾಲದ ಬೆಳಗ್ಗೆ ಒಲೆಯ ಮುಂದೆ ಕೂತು ಖಾಬೂರ್ ಹೊಳೆಯಾಚೆ ಬೆಳ್ಳಗೆ ನಿಂತ ಬೆಟ್ಟಗಳನ್ನು ನೋಡುವಾಗಲೆಲ್ಲ ನಾಜೇಗೆ ಆ ಇಬ್ಬರು ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು. ಅಂಥವರು ತನ್ನ ಹಸಿ ಸೌದೆಯ ಗೋಳನ್ನೂ ಕೇಳಿಸಿಕೊಳ್ಳುತ್ತಾರಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಈ ಮಾತುಕತೆಯೆಲ್ಲ ನಡೆಯುತ್ತಿದ್ದುದು ಮನೆಮಾತಿನಲ್ಲಿ, ಅಂದರೆ ಅರಾಮಿಕ್ ಭಾಷೆಯಲ್ಲಿ. ಜಾಖೋದ ಯಹೂದಿಗಳು ಜಗಳವಾಡುತ್ತಿದ್ದುದು, ಚೌಕಾಸಿ ಮಾಡುತ್ತಿದ್ದುದು, ತೊಟ್ಟಿಲು ತೂಗುತ್ತಿದ್ದುದು ಎಲ್ಲ ಅದರಲ್ಲೇ. ಹೀಬ್ರೂ ಗಂಡಸರ ಸೊತ್ತು. ಪ್ರಾರ್ಥನಾ ಮಂದಿರದಲ್ಲಿ ಅವರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ಹೆಂಗಸರು ಹೊರಗಿನ ಅಂಗಳದಲ್ಲಿ ಕೂತು ಎಲ್ಲರೂ ಆಮೆನ್ ಅಂದಾಗ ತಾವೂ ಆಮೆನ್ ಅನ್ನುತ್ತಿದ್ದರು. ಅಷ್ಟರಲ್ಲೇ ತಲೆತಲಾಂತರ ಕಳೆದಿತ್ತು, ಯಾರಿಗೂ ಏನೂ ಕೊರತೆ ಕಂಡಿರಲಿಲ್ಲ.

ಆ ವರ್ಷ ಮೋಸುಲ್‌ನಿಂದ ಹೊಸ ಹಖಾಮ್ ಬಂದ. ಹಖಾಮ್ ಎಂದರೆ ಊರಿನ ಯಹೂದಿಗಳಿಗೆ ಗುರು, ಪಂಡಿತ, ನ್ಯಾಯ ಹೇಳುವವನು, ಎಲ್ಲ ಒಬ್ಬನೇ. ಹೆಸರು ಸಾಸೋನ್. ಗಡ್ಡ ಇನ್ನೂ ಸರಿಯಾಗಿ ತುಂಬಿರಲಿಲ್ಲ. ತಾಯಿಯ ಕಡೆಯಿಂದ ಜಾಖೋದ ನಂಟು, ಹಾಗಾಗಿ ಊರಿನ ಮಾತು ಸಲೀಸಾಗಿ ಬರುತ್ತಿತ್ತು. ಬಡವರ ಮನೆಗೆ ಕರೆಯದೆ ಹೋಗುತ್ತಿದ್ದ, ಕೊಟ್ಟದ್ದನ್ನು ತಿನ್ನುತ್ತಿದ್ದ, ಕಲಿತದ್ದನ್ನೆಲ್ಲ ಒಂದೇ ವರ್ಷದಲ್ಲಿ ಊರಿಗೆ ಹಂಚಿಬಿಡಬೇಕೆಂಬ ಹುಮ್ಮಸ್ಸು. ಒಳ್ಳೆಯವನೇ. ಕೆಟ್ಟವನಾಗಿದ್ದರೆ ಅವನ ಮಾತನ್ನು ಯಾರೂ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಒಂದು ಶನಿವಾರ, ಯಹೂದಿಗಳು ಕೆಲಸ ಬಿಟ್ಟು ಆಚರಿಸುವ ಸಬ್ಬತ್ ದಿನ, ಊಟವಾದ ಮೇಲೆ ಅವನು ಮಂದಿರದ ಅಂಗಳದಲ್ಲಿ ನಿಂತು ದೇವದೂತರ ವಿಷಯ ಹೇಳಿದ. ಏನು ಹೇಳಿದ ಅಂತೀರಿ! ಹೆಂಗಸರು ಬಾಯಿ ತೆರೆದುಕೊಂಡು ಕೂತುಬಿಟ್ಟರು. ಮೇಲಿನ ಲೋಕದಲ್ಲಿ ಒಬ್ಬ ದೂತನಿದ್ದಾನಂತೆ. ಅವನ ಕಾಲಿನಿಂದ ಹೊರಟು ತಲೆ ಮುಟ್ಟಬೇಕಾದರೆ ಐನೂರು ವರ್ಷ ನಡೆಯಬೇಕಂತೆ. ಅವನು ಅಲ್ಲಿ ನಿಂತು ಭೂಮಿಯಿಂದ ಬರುವ ಪ್ರಾರ್ಥನೆಗಳನ್ನೆಲ್ಲ ಒಂದೊಂದಾಗಿ ಆರಿಸಿ, ಹೆಣೆದು, ದೇವರಿಗೆ ಕಿರೀಟ ಮಾಡುತ್ತಾನಂತೆ. ಕಿರೀಟ ತಾನಾಗಿಯೇ ಏರಿ ಹೋಗಿ ದೇವರ ಶಿರದ ಮೇಲೆ ಕೂರುವಾಗ ಏಳು ಆಕಾಶವೂ ನಡುಗುತ್ತದಂತೆ. ನಾಜೇ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ತಾನು ನಾದುವಾಗ ಆಡಿದ ಮಾತುಗಳೂ ಆ ಕಿರೀಟದ ಯಾವುದೋ ಮೂಲೆಯಲ್ಲಿ ಇರಬಹುದು ಅನ್ನಿಸಿ ಅವಳು ಇನ್ನಷ್ಟು ಮುಂದಕ್ಕೆ ಸರಿದು ಕೂತಳು.

ಅಷ್ಟರಲ್ಲಿ ಹಖಾಮ್ ಇನ್ನೊಂದು ಮಾತು ಸೇರಿಸಿದ. ಆದ್ದರಿಂದ, ಏನಾದರೂ ಬೇಡಿಕೊಳ್ಳುವುದಿದ್ದರೆ ಹೀಬ್ರೂವಿನಲ್ಲೇ ಬೇಡಿಕೊಳ್ಳಬೇಕು, ದೇವದೂತರಿಗೆ ಅರಾಮಿಕ್ ಬರುವುದಿಲ್ಲ, ಅರ್ಥವಾಗದ ಪ್ರಾರ್ಥನೆಯನ್ನು ಅವರು ಎತ್ತಿಕೊಳ್ಳುವುದಿಲ್ಲ ಎಂದು ಹಿಂದಿನ ಪಂಡಿತರು ಬರೆದಿಟ್ಟಿದ್ದಾರೆ ಎಂದ.

ಮೊದಲು ಬಾಯಿ ತೆರೆದವಳು ನಾಜೇಯ ಅತ್ತೆ ಖಾತೂನ್. ಎಪ್ಪತ್ತು ದಾಟಿದ ಹೆಂಗಸು. ಅವಳ ನಾಲಗೆಗೆ ಹಖಾಮನೂ ಒಂದೇ, ತರಕಾರಿ ಮಾರುವವನೂ ಒಂದೇ.

"ಅಲ್ಲಪ್ಪಾ, ನಿಮ್ಮ ದಪ್ಪ ದಪ್ಪ ಪುಸ್ತಕಗಳಲ್ಲಿ ಅರ್ಧಕ್ಕರ್ಧ ನಮ್ಮ ಮಾತಲ್ಲೇ ಇವೆ ಅಂತಾರಲ್ಲ. ಅವನ್ನ ನೀವು ಓದೋವಾಗ ದೂತರು ಕಿವಿಗೆ ಹತ್ತಿ ಇಟ್ಕೊಂಡಿರ್ತಾರಾ?"

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಹಖಾಮನ ಮುಖ ಕೆಂಪಾಯಿತು. ಓದುವುದು ಬೇರೆ, ಬೇಡುವುದು ಬೇರೆ ಎಂದೇನೋ ಹೇಳಿ ಮಾತು ಮುಗಿಸಿದ. ನಾಜೇ ಮಾತ್ರ ನಗಲಿಲ್ಲ.

ಅವಳಿಗೆ ನಹೂಮ್ ನೆನಪಾಗಿದ್ದ. ಅವಳ ಮೊದಲ ಮಗ. ಮೂರು ವರ್ಷದ ಹಿಂದೆ, ಐದು ತುಂಬುವುದರೊಳಗೆ, ಒಂಬತ್ತು ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದ. ಆ ಒಂಬತ್ತು ದಿನವೂ ನಾಜೇ ಬಾಯಿ ಮುಚ್ಚಿರಲಿಲ್ಲ. ರಫಾಯೇಲಣ್ಣ ಬಾ, ರಫಾಯೇಲಣ್ಣ ಒಂದು ಸಲ ಕೈ ಇಡು, ವಾಸಿ ಮಾಡೋದೇ ನಿನ್ನ ಕೆಲಸ ಅಲ್ವಾ ಅಣ್ಣಾ, ನನಗೋಸ್ಕರ ಬಾ. ಎಲ್ಲವನ್ನೂ ಮನೆಮಾತಿನಲ್ಲಿ. ಮಗು ಹೋದ ಮೇಲೆ ಅವಳು ಎದೆ ಕಲ್ಲು ಮಾಡಿಕೊಂಡು ಹೇಗೋ ಬದುಕಿದ್ದಳು: ರಫಾಯೇಲ್ ಕೇಳಿಸಿಕೊಂಡಿರುತ್ತಾನೆ, ಮೇಲಿನಿಂದ ಅಪ್ಪಣೆ ಸಿಕ್ಕಿರಲಿಕ್ಕಿಲ್ಲ. ಈಗ ನೋಡಿದರೆ ಅವನಿಗೆ ಕೇಳಿಸಿದ್ದೇ ಅರ್ಥವಾಗಿರಲಿಲ್ಲ. ಒಂಬತ್ತು ದಿನ ಅವಳು ಕಿವುಡನ ಬಾಗಿಲು ಬಡಿದಿದ್ದಳು. ಹೀಬ್ರೂವಿನಲ್ಲಿ ನಾಲ್ಕು ಮಾತು ಬಂದಿದ್ದರೆ ಹುಡುಗ ಈಗ ಎಂಟು ವರ್ಷದವನಾಗಿರುತ್ತಿದ್ದ.

ಗಂಡ ಶಾಬೋಗೆ ಹೇಳಿದಳು. ಅವನು ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ ಹೊಳೆಯಲ್ಲಿ ಇಳಿಸಿ ತರುವವನು. ಮಾರನೆಯ ದಿನ ಬೆಟ್ಟಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದ. ಅರ್ಥವಾಗಿದ್ದರೇನು, ಆಗದಿದ್ದರೇನು, ಹೋದವನು ಹೋದ, ಅದನ್ನೇ ಕೆದಕಬೇಡ ಎಂದ. ಕಲ್ಲು ಮನಸ್ಸಿನಿಂದ ಹೇಳಿದ್ದಲ್ಲ. ಅವನಿಗೂ ಆ ಹೆಸರು ಎತ್ತಿದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಶಾಬೋ ಹೋದ ಎರಡನೆಯ ದಿನ ಮಗಳು ಮರ್ಜಾನ್‌ಗೆ ಜ್ವರ ಬಂತು. ಏಳು ವರ್ಷದ ಹುಡುಗಿ, ಅರಳು ಹುರಿದ ಹಾಗೆ ಮಾತಾಡುವವಳು. ಮಂಗಳವಾರ ತಲೆನೋವು ಅಂದಳು, ಬುಧವಾರ ಮೈ ಕೆಂಡವಾಯಿತು. ಇದೇ ಜ್ವರ, ಇದೇ ಕೆಂಪು ಕಣ್ಣು. ಅಭ್ಯಾಸಬಲದಿಂದ ರಫಾಯೇಲಣ್ಣ ಎಂದು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ತಲೆಗೆ ಬಟ್ಟೆ ಬಿಗಿದುಕೊಂಡು ನೇರ ಹಖಾಮನ ಮನೆಗೆ ಓಡಿದಳು.

ಅವನು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಅವರಲ್ಲಿ ಒಬ್ಬರಿಗೂ ನಮ್ಮ ಮಾತು ಬರುವುದಿಲ್ಲವೇ ಎಂದು ನಾಜೇ ಕೇಳಿದಳು.

"ಗಬ್ರಿಯೇಲ್‌ಗೆ ಲೋಕದ ಎಪ್ಪತ್ತೂ ಭಾಷೆ ಬರುತ್ತೆ ಅಂತಾರೆ ತಾಯಿ," ಎಂದ ಹಖಾಮ್. "ಆದ್ರೆ ವಾಸಿ ಮಾಡೋದು ಅವನ ಕೆಲಸ ಅಲ್ಲ. ಒಬ್ಬ ದೂತನಿಗೆ ಒಂದೇ ಕೆಲಸ. ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕೈ ಹಾಕೋ ಹಾಗಿಲ್ಲ."

ಆಮೇಲೆ ಅವನೇ ಕನಿಕರಪಟ್ಟು ಅವಳಿಗೊಂದು ಸಣ್ಣ ಹೀಬ್ರೂ ಪ್ರಾರ್ಥನೆ ಹೇಳಿಕೊಟ್ಟ. ಬಲಕ್ಕೆ ಮಿಖಾಯೇಲ್ ನಿಲ್ಲಲಿ, ಎಡಕ್ಕೆ ಗಬ್ರಿಯೇಲ್, ಮುಂದೆ ಊರಿಯೇಲ್, ಹಿಂದೆ ರಫಾಯೇಲ್ ಎಂದು ಕಾವಲು ಕರೆಯುವ ಮಾತು. ಹತ್ತು ಸಲ ಹೇಳಿಸಿದ. ನಾಜೇ ಉಸಿರು ಬಿಗಿಹಿಡಿದು, ತುಂಬಿದ ಕೊಡ ಹೊತ್ತವಳ ಹಾಗೆ, ಆ ಮಾತುಗಳನ್ನು ತುಳುಕಿಸದೆ ಮನೆಗೆ ತಂದಳು.

ಅಲ್ಲಿಂದ ಶುಕ್ರವಾರದವರೆಗೆ ಅವಳು ಬೇರೆ ಮಾತಾಡಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಹೇಳಿದಳು, ಗಂಜಿ ಕಾಸುತ್ತ ಹೇಳಿದಳು. ಮರ್ಜಾನ್‌ನ ಜ್ವರ ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಗುರುವಾರ ಬೆಳಗಿನಿಂದ ಹುಡುಗಿ ಮಾತು ಬಿಟ್ಟಳು. ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ತುಟಿ ಒಡೆದು ಕಪ್ಪಾಗಿತ್ತು, ಹನಿಸಿದ ನೀರು ಬಾಯಿಯ ಪಕ್ಕದಿಂದ ಇಳಿದು ಹೋಗುತ್ತಿತ್ತು. ನಹೂಮನೂ ಕೊನೆಯ ಎರಡು ದಿನ ಹೀಗೆಯೇ ಇದ್ದ.

ಶುಕ್ರವಾರ ಮಧ್ಯಾಹ್ನ, ಹಾಸಿಗೆಯ ಕಾಲ್ದೆಸೆಯಲ್ಲಿ ಕೂತು ಅದೇ ನಾಲ್ಕು ಸಾಲನ್ನು ಹೇಳುತ್ತಿದ್ದಾಗ ನಾಜೇಗೆ ಇದ್ದಕ್ಕಿದ್ದಂತೆ ಒಂದು ಸಂಗತಿ ಹೊಳೆಯಿತು. ಬಲಕ್ಕೆ ಮಿಖಾಯೇಲ್ ಅಂದರೆ ಯಾರ ಬಲಕ್ಕೆ? ಮಗು ತನಗೆ ಮುಖ ಮಾಡಿ ಮಲಗಿದೆ. ತನ್ನ ಬಲ ಅಂದರೆ ಮಗುವಿನ ಎಡ. ತನ್ನ ಹಿಂದೆ ಅಂದರೆ ಮಗುವಿನಿಂದ ಅಷ್ಟು ದೂರ, ಬಾಗಿಲ ಹತ್ತಿರ. ಎರಡು ದಿನದಿಂದ ತಾನು ಎಲ್ಲರನ್ನೂ ತಪ್ಪು ಜಾಗದಲ್ಲಿ ನಿಲ್ಲಿಸಿದ್ದೇನೆ! ಹಿಮದವನು ನಿಲ್ಲಬೇಕಾದ ಕಡೆ ಬೆಂಕಿಯವನು ನಿಂತಿದ್ದಾನೆ, ಮಗುವಿನ ಮೈ ಸುಡದೆ ಇನ್ನೇನಾದೀತು? ವಾಸಿ ಮಾಡುವವನನ್ನು ತಾನೇ ಬಾಗಿಲಾಚೆ ಅಟ್ಟಿದ್ದೇನೆ!

ನಗಬೇಡಿ. ಎರಡು ರಾತ್ರಿ ಎವೆ ಮುಚ್ಚದ ತಾಯಿಯ ಲೆಕ್ಕಾಚಾರ ಅದು.

ಒಂದೇ ದಾರಿ ಇತ್ತು. ಮಗು ನೋಡುವ ದಿಕ್ಕಿಗೇ ತಾನೂ ಮುಖ ಮಾಡಿ ಕೂರಬೇಕು, ಆಗ ಇಬ್ಬರ ಬಲವೂ ಒಂದೇ ಆಗುತ್ತದೆ. ಹಾಸಿಗೆಯ ತಲೆದೆಸೆಗೂ ಗೋಡೆಗೂ ನಡುವೆ ಒಂದು ಮೊಳದಷ್ಟು ಜಾಗ ಖಾಲಿ ಇತ್ತು. ನಾಜೇ ಎದ್ದು ಹೋಗಿ ಗೋಡೆಗೆ ಬೆನ್ನು ಒತ್ತಿ ಅಲ್ಲಿ ಕೂತಳು. ಮಗಳ ತಲೆಯ ಮೇಲಿಂದ ಬಾಗಿಲ ಕಡೆ ನೋಡುತ್ತ ಮತ್ತೆ ಮೊದಲಿನಿಂದ ಶುರುಮಾಡಿದಳು.

ಎರಡನೆಯ ಸಾಲಿಗೆ ಬಂದಿರಲಿಲ್ಲ, ಖಾತೂನ್ ಒಳಗೆ ಬಂದಳು. ಸೊಸೆ ಕೂತ ಜಾಗ ನೋಡಿದ್ದೇ ಕೈಯಲ್ಲಿದ್ದ ಮೊಸರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು.

"ಏಳೇ ಅಲ್ಲಿಂದ. ಮೊದಲು ಏಳು."

ನಾಜೇ ಏಳಲಿಲ್ಲ, ಬಲ ಎಡದ ಕಥೆ ಹೇಳಲು ಹೊರಟಳು. ಮುದುಕಿ ಕಿವಿಗೇ ಹಾಕಿಕೊಳ್ಳದೆ ಬಂದು ಅವಳ ತೋಳು ಹಿಡಿದು ಎಳೆದಳು. ಆ ವಯಸ್ಸಿನಲ್ಲಿ ಆ ಕೈಗೆ ಅಷ್ಟು ಬಲ ಎಲ್ಲಿತ್ತೋ.

"ಕಾಯಿಲೆಯವರ ತಲೆಗಡೆ ಯಾರಾದ್ರೂ ಕೂರ್ತಾರೇನೇ? ಅದು ಯಾರ ಜಾಗ ಅಂದ್ಕೊಂಡೆ?"

"ಯಾರ ಜಾಗ ಅತ್ತೆ? ರಫಾಯೇಲಂದಾ?"

"ರಫಾಯೇಲಂದಲ್ಲ ಕಣೇ. ರಫಾಯೇಲನ್ನ ಕಳಿಸೋನದು. ಯಾರಿಗಾದ್ರೂ ಕಾಯಿಲೆ ಅಂದ್ರೆ ಅವನೇ ಬಂದು ತಲೆಗಡೆ ಇರ್ತಾನೆ. ನಮ್ಮಜ್ಜಿ ಹೇಳಿದ್ದು, ಅವರಜ್ಜಿ ಅವರಿಗೆ ಹೇಳಿದ್ದು. ನಾನು ಹಾಸಿಗೆನ ಗೋಡೆಯಿಂದ ಎಳೆದು ಹಾಸೋದು ಯಾಕೆ ಅಂತ ತಿಳ್ಕೊಂಡಿದೀಯಾ?"

ಮದುವೆಯಾಗಿ ಹತ್ತು ವರ್ಷವಾಗಿತ್ತು. ಯಾರೇ ಮಲಗಿದರೂ ಅತ್ತೆ ಹಾಸಿಗೆಯನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಯುತ್ತಿದ್ದುದನ್ನು ನಾಜೇ ನೋಡಿದ್ದಳು. ಅತ್ತೆಯ ನೂರೆಂಟು ಮಡಿಗಳಲ್ಲಿ ಅದೂ ಒಂದು ಎಂದುಕೊಂಡು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಬಾಗಿಲಲ್ಲಿ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಹಖಾಮ್ ಸಾಸೋನ್ ನಿಂತಿದ್ದ. ಸಂಜೆ ಸಬ್ಬತ್ ಶುರುವಾಗುವ ಮೊದಲು ಮಗುವನ್ನು ನೋಡಿಕೊಂಡು ಹೋಗಲು ಬಂದಿದ್ದವನು ಮುದುಕಿಯ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದ. ಅವನ ಮುಖ ಸುಣ್ಣ ಬಳಿದಂತಾಗಿತ್ತು. ಕೆರ ಕಳಚಿದ. ಮೇಲುಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ. ಒಳಗೆ ಬಂದು, ಖಾತೂನ್ ತಳ್ಳಿದ ದಿಂಬನ್ನೂ ಮುಟ್ಟದೆ, ಹಾಸಿಗೆಯ ಕಾಲ್ದೆಸೆಯ ಬರಿ ನೆಲದ ಮೇಲೆ ಕೂತ.

ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ. ಸಬ್ಬತ್ ದಿನ ತಾನು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಅದೇ ಪುಟದಲ್ಲಿ, ಅದರ ಕೆಳಗೇ ಇನ್ನರ್ಧ ಇದೆ. ಕಾಯಿಲೆ ಬಿದ್ದವರ ವಿಷಯಕ್ಕೆ ಆ ಮಾತು ಸಲ್ಲದು. ಅವರ ಹತ್ತಿರ ಪ್ರಾರ್ಥನೆ ಹೊತ್ತೊಯ್ಯಲು ಯಾವ ದೂತನೂ ಬೇಕಿಲ್ಲ, ಯಾಕೆಂದರೆ ದೇವರ ಸಾನ್ನಿಧ್ಯವೇ ಅವರ ತಲೆದೆಸೆಯಲ್ಲಿ ಇರುತ್ತದೆ. ಅದಕ್ಕೇ ನೋಡಲು ಬಂದವರು ಮಂಚದ ಮೇಲಾಗಲೀ ಪೀಠದ ಮೇಲಾಗಲೀ ಕೂರದೆ, ತಲೆಗೆ ಮುಸುಕು ಹಾಕಿಕೊಂಡು ನೆಲದ ಮೇಲೆ ಕೂರಬೇಕು. ಅಲ್ಲಿ ಯಾವ ಭಾಷೆಯಾದರೂ ನಡೆಯುತ್ತದೆ.

"ಹತ್ತು ಸಲ ಓದಿದೀನಿ ತಾಯಿ," ಎಂದ. "ದೂತರ ಎತ್ತರ ಹೇಳೋ ಹುರುಪಲ್ಲಿ ಇದು ನನ್ನ ಬಾಯಿಗೇ ಬರ್ಲಿಲ್ಲ. ನಿಮ್ಮತ್ತೆ ಅಕ್ಷರ ಬಾರದೆ ಕಾಪಾಡ್ಕೊಂಡು ಬಂದಿದ್ದನ್ನ ನಾನು ಓದಿಯೂ ಕೈ ಬಿಟ್ಟೆ. ನನ್ನ ಕ್ಷಮಿಸಿಬಿಡಿ."

ನಾಜೇಗೆ ಕ್ಷಮೆಯ ಗೊಡವೆ ಬೇಕಿರಲಿಲ್ಲ.

"ಹಾಗಾದ್ರೆ ನಹೂಮನ ತಲೆಗಡೆಯೂ?"

ಹಖಾಮ್ ತಲೆಯೆತ್ತಿ ಅವಳನ್ನು ನೋಡಿದ. ಬೇರೆ ಏನಾದರೂ ಹೇಳಿ ಪಾರಾಗಬಹುದಾಗಿತ್ತು. ಹೇಳಲಿಲ್ಲ.

"ಹೂಂ ತಾಯಿ. ಒಂಬತ್ತು ದಿನವೂ. ನೀವಾಡಿದ ಒಂದೊಂದು ಮಾತೂ ಅವನಿಗೆ ಕೇಳಿಸಿದೆ."

ಮೊದಲು ನಾಜೇಯ ಎದೆಯ ಮೇಲಿಂದ ಒಂದು ಭಾರ ಇಳಿಯಿತು. ನನ್ನ ಹುಡುಗ ಒಬ್ಬನೇ ಇರಲಿಲ್ಲ. ನನ್ನ ಮಾತು ಗಾಳಿಗೆ ಹೋಗಿರಲಿಲ್ಲ. ಅಳು ಬಂತು, ಸಂತೋಷಕ್ಕೆ. ಆದರೆ ಆ ಅಳು ಅರ್ಧಕ್ಕೇ ನಿಂತಿತು, ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದಿತ್ತು. ಅರ್ಥವಾಗದ ದೂತನನ್ನು ಕ್ಷಮಿಸಬಹುದು, ಪಾಪ ಅವನೇನು ಮಾಡಿಯಾನು. ಇವನಿಗೆ ಎಲ್ಲ ಅರ್ಥವಾಗಿತ್ತು. ಒಂದು ಮೊಳ ದೂರದಲ್ಲಿದ್ದುಕೊಂಡು ಎಲ್ಲ ಕೇಳಿಸಿಕೊಂಡು, ಆಮೇಲೆ ಮಗುವನ್ನು ಕರೆದುಕೊಂಡು ಎದ್ದು ಹೋಗಿದ್ದ.

ಅವಳು ತಲೆದೆಸೆಯ ಕಡೆ ತಿರುಗಿದಳು. ಸಗಣಿ ಸಾರಿಸಿದ ನೆಲ, ಚಕ್ಕೆ ಎದ್ದ ಗೋಡೆ, ಹಾಸಿಗೆಯ ಅಂಚಿನಿಂದ ಎದ್ದ ಒಂದೆರಡು ಉಣ್ಣೆಯ ಎಳೆ. ಅಷ್ಟೇ ಇತ್ತು. ಅಷ್ಟೇ ಇದ್ದರೂ ಅವಳಿಗೆ ನೋಡಲು ಆಗಲಿಲ್ಲ, ಕಣ್ಣು ತಾನಾಗಿ ಕೆಳಗಿಳಿಯಿತು. ಹಿಮದ ಮೈಯವನೂ ಬೆಂಕಿಯ ಮೈಯವನೂ ಯಾರೆದುರು ತಲೆ ತಗ್ಗಿಸಿ ನಿಲ್ಲುತ್ತಾರೋ, ಐನೂರು ವರ್ಷದ ಎತ್ತರದವನು ಯಾರ ಪಾದಕ್ಕೂ ಎಟಕುವುದಿಲ್ಲವೋ, ಅವನು ಈ ಮೂಲೆಯಲ್ಲಿ, ತಾನು ದಿನಾ ಗುಡಿಸುವ ನೆಲದ ಮೇಲೆ. ತಾನು ಈಗಷ್ಟೇ ಅಲ್ಲಿ ಕೂತಿದ್ದೆ.

ಭಯವೂ ಇತ್ತು, ಸಿಟ್ಟೂ ಇತ್ತು. ಸಿಟ್ಟೇ ಮೊದಲು ಬಾಯಿಗೆ ಬಂತು. ಹೀಬ್ರೂವಿನ ನಾಲ್ಕು ಸಾಲನ್ನು ಅವಳು ಅಲ್ಲೇ ಬಿಟ್ಟಳು. ನೆಲಕ್ಕೆ ಕೈಯೂರಿ, ಮನೆಮಾತಿನಲ್ಲಿ, ಮೆಲ್ಲಗೆ ಶುರುಮಾಡಿದಳು.

"ನಿನಗೆ ನನ್ನ ಮಾತು ಬರುತ್ತಂತೆ. ಮೊದಲೇ ಹೇಳಬಾರ್ದಿತ್ತಾ? ಮೂರು ವರ್ಷ ನಾನು ಆ ಪಾಪದ ರಫಾಯೇಲನ ಮೇಲೆ ಹೊರೆ ಹೊರಿಸಿದೆ. ನಹೂಮನ್ನ ಕೇಳಿದೆ, ಕೊಡ್ಲಿಲ್ಲ. ಯಾಕೆ ಅಂತ ಕೇಳೋಕೆ ನಾನ್ಯಾರು ಅಂತ ಸುಮ್ಮನಿದ್ದೆ. ಈಗ ಕೇಳ್ತೀನಿ. ಇಲ್ಲೇ ಇದ್ದೆಯಲ್ಲ ನೀನು? ಅವನು ನೀರು ನೀರು ಅಂದಾಗ ಇಲ್ಲೇ ಇದ್ದೆ. ನಾನು ಹಣೆ ಚಚ್ಚಿಕೊಂಡಾಗ ಇಲ್ಲೇ ಇದ್ದೆ. ಹೋಗ್ಲಿ. ಅವನು ನಿನ್ನ ಹತ್ರ ಚೆನ್ನಾಗಿದಾನೆ ಅಂದ್ಕೊಳ್ತೀನಿ. ಇವಳನ್ನ ಕೇಳ್ಬೇಡ. ಇವಳನ್ನ ನಾನು ಕೊಡಲ್ಲ. ಇನ್ನೊಂದು ಸಲ ಈ ಮನೆಯಿಂದ ಮಗು ಎತ್ತಿಕೊಂಡು ಹೋಗೋದಿದ್ರೆ, ಇನ್ಮೇಲೆ ನಿನಗೆ ಹಾಸಿಗೆ ಎಳೆದು ಜಾಗ ಬಿಡೋರು ಯಾರೂ ಇರಲ್ಲ ಇಲ್ಲಿ."

ಮೆಲ್ಲಗೆ ಶುರುವಾದ ಮಾತು ಕೊನೆಗೆ ಬೀದಿಗೆ ಕೇಳುವಷ್ಟು ಏರಿತ್ತು. ಖಾತೂನ್ ಗಾಬರಿಯಿಂದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಹಖಾಮ್ ಹಣೆಯನ್ನು ನೆಲಕ್ಕೆ ಹಚ್ಚಿದ್ದ, ಎತ್ತಲಿಲ್ಲ. ತಾನು ಏನಂದೆ, ಯಾರಿಗೆ ಅಂದೆ ಎಂಬುದು ನಾಜೇಗೆ ಆಗ ಹೊಳೆಯಿತು. ನೆಲಕ್ಕೆ ಊರಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ಅಮ್ಮಾ," ಎಂದಳು ಮರ್ಜಾನ್. "ಯಾರನ್ನ ಬೈತಿದೀಯಾ?"

ಎರಡು ದಿನದ ಮೇಲೆ ಆಡಿದ ಮೊದಲ ಮಾತು. ಕಣ್ಣು ಅರ್ಧ ತೆರೆದಿತ್ತು. ಹಣೆಯ ಮೇಲೆ, ಕೂದಲ ಬುಡದಲ್ಲಿ ಬೆವರು ಒಡೆದಿತ್ತು. ಹುಡುಗಿ ನೀರು ಬೇಕು ಅಂದಳು.

ಖಾತೂನ್ ಬಟ್ಟಲು ತಂದುಕೊಟ್ಟಳು. ಮಲಗಿದ ಮಗುವಿಗೆ ನೀರು ಕುಡಿಸಬೇಕಾದರೆ ತಲೆಯನ್ನು ಹಿಂದಿನಿಂದ ಎತ್ತಿ ಹಿಡಿಯಬೇಕು. ಹಿಂದೆ ಆ ಜಾಗವಿತ್ತು. ನಾಜೇ ಚಾಚಿದ ಕೈಯನ್ನು ಅರ್ಧದಲ್ಲೇ ತಡೆದಳು. ಅವಳು ಅತ್ತೆಯನ್ನು ನೋಡಿದಳು, ಹಖಾಮನನ್ನು ನೋಡಿದಳು. ಮಗುವಿನ ಒಣ ತುಟಿ ಕಾಯುತ್ತಿತ್ತು.

"ಒಂಚೂರು ಸರಿ," ಎಂದಳು ನಾಜೇ ಆ ಖಾಲಿ ನೆಲಕ್ಕೆ, ತಗ್ಗಿದ ದನಿಯಲ್ಲಿ. "ಮಗೂಗೆ ನೀರು ಕುಡಿಸ್ಬೇಕು."

ಆಮೇಲೆ ಕೈ ಒಳಗೆ ತೂರಿಸಿ ಮಗಳ ತಲೆ ಎತ್ತಿದಳು.